ಕುರ್ಚಿ ಹಾಕುವವನು ಅಧ್ಯಕ್ಷರಿಗೆ ಬರೆದ ಬಿನ್ನವತ್ತಳೆ

ನಮ್ಮ ಜಿಲ್ಲಾ ವೈದ್ಯರ ಸಂಘದ ಹಾಲಿ ಅಧ್ಯಕ್ಷರೂ, ಅದೇ ಸಂಘದ ಮಾಜಿ ಅಧ್ಯಕ್ಷರೂ, ದೇವರ ದಯೆಯಿದ್ದರೆ ಅದರ ಮುಂದಿನ ಅಧ್ಯಕ್ಷರೂ ಆಗಲಿರುವ ಮಹಾರಾಜರಾಜಶ್ರೀ ಡಾಕ್ಟರ್ ಸಾಹೇಬರ ಸನ್ನಿಧಾನಕ್ಕೆ, ಬಸ್ ಸ್ಟ್ಯಾಂಡ್ ಹಿಂದಿನ ಶಾಮಿಯಾನ ಅಂಗಡಿಯವನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ. ತಾವು ಕ್ಷೇಮವಾಗಿರುವುದು ಸರ್ಕಲ್ಲಿನಲ್ಲಿ ನಿಲ್ಲಿಸಿರುವ ಫ್ಲೆಕ್ಸ್ ನೋಡಿ ತಿಳಿಯಿತು. ಮುಖದಲ್ಲಿ ಕಳೆ ಇದೆ, ಕೊರಳಲ್ಲಿ ಅಧ್ಯಕ್ಷರ ಪದಕದ ಸರ ಇದೆ, ತಲೆಯ ಮೇಲೆ ಮೈಸೂರು ಪೇಟ ಇದೆ. ಈಚೆಗೆ ತಮ್ಮನ್ನು ಮುಖಾಮುಖಿ ನೋಡುವ ಯೋಗ ರೋಗಿಗಳಿಗೆ ಇಲ್ಲವಾದ್ದರಿಂದ ಈ ಫ್ಲೆಕ್ಸೇ ನಮಗೆ ದರ್ಶನ. ನನ್ನ ಹೆಂಡತಿಯಂತೂ ಆ ಕಡೆ ಹೋದಾಗಲೆಲ್ಲ ಒಂದು ನಿಮಿಷ ನಿಂತು, ತನ್ನ ಹೊಟ್ಟೆನೋವಿನ ವಿಷಯ ತಮ್ಮ ಆ ಭಾವಚಿತ್ರಕ್ಕೇ ಹೇಳಿಕೊಂಡು ಬರುತ್ತಾಳೆ. ಅದು ಕೇಳಿಸಿಕೊಳ್ಳುತ್ತದೆ, ಅರ್ಧದಲ್ಲಿ ಫೋನ್ ಎತ್ತುವುದಿಲ್ಲ ಎಂದು ಅವಳ ಅಭಿಪ್ರಾಯ.

ನನ್ನ ಗುರುತು ತಮಗೆ ಇರಲಾರದು, ಇರಬೇಕೆಂದೂ ಇಲ್ಲ. ತಮ್ಮ ಪದಗ್ರಹಣಕ್ಕೆ, ತಮ್ಮ ಅಭಿನಂದನೆಗೆ, ತಮ್ಮನ್ನು ಅಭಿನಂದಿಸಿದವರಿಗೆ ತಾವು ಮಾಡಿದ ಮರು ಅಭಿನಂದನೆಗೆ, ವಾರ್ಷಿಕ ಸಮ್ಮೇಳನಕ್ಕೆ ಕುರ್ಚಿ ಹಾಕಿದವನು ನಾನು. ವೇದಿಕೆಯ ನಡುವೆ ಕೆಂಪು ಮಖಮಲ್ಲಿನ, ಸಿಂಹದ ತಲೆಯ ಕೈಗಳಿರುವ ಕುರ್ಚಿ ಇರುತ್ತದಲ್ಲ, ಅದು ನಮ್ಮದೇ. ಮದುವೆ ಸೀಸನ್ನಿನಲ್ಲಿ ಅದರ ಮೇಲೆ ಮದುಮಗ ಕೂರುತ್ತಾನೆ, ಮಿಕ್ಕ ದಿನಗಳಲ್ಲಿ ತಾವು. ಮದುಮಗ ಒಮ್ಮೆ ಕೂತವನು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ತಮ್ಮ ಕೃಪೆಯಿಂದ ಆ ಕುರ್ಚಿಗೆ ಆಷಾಢದಲ್ಲೂ ಬಾಡಿಗೆ ಹುಟ್ಟುತ್ತದೆ. ಈ ಉಪಕಾರವನ್ನು ನಾನು ಮರೆಯಲಾರೆ.

ವೇದಿಕೆಯ ಹಿಂದೆ, ಜನರೇಟರ್ ಪಕ್ಕ ಕೂತು ನಾನು ತಮ್ಮ ಜೀವನಚರಿತ್ರೆಯನ್ನು ಬಾಯಿಪಾಠ ಮಾಡಿದ್ದೇನೆ. ಬಡ ರೈತರ ಮನೆಯಲ್ಲಿ ಹುಟ್ಟಿದಿರಿ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದಿದಿರಿ. ಮೆರಿಟ್ಟಿನಲ್ಲಿ ಸರಕಾರಿ ಕಾಲೇಜಿನ ಸೀಟು ಗಿಟ್ಟಿಸಿದಿರಿ. ಅಲ್ಲಿಂದ ಮುಂದಿನ ವಾಕ್ಯದಲ್ಲೇ ಸಂಘದ ಖಜಾಂಚಿ ಆಗುತ್ತೀರಿ. ಆಮೇಲೆ ಜಂಟಿ ಕಾರ್ಯದರ್ಶಿ, ಕಾರ್ಯದರ್ಶಿ, ಉಪಾಧ್ಯಕ್ಷ, ಅಧ್ಯಕ್ಷ. ಪರಿಚಯ ಓದುವ ಮಹನೀಯರು ಯಾರೇ ಇರಲಿ, ಕಾಲೇಜಿಗೂ ಖಜಾನೆಗೂ ನಡುವೆ ತಾವು ಏನು ಮಾಡುತ್ತಿದ್ದಿರೆಂದು ಯಾರೂ ಹೇಳುವುದಿಲ್ಲ. ಗೊತ್ತಿಲ್ಲದ ಹೊಸಬರು ತಾವು ಆ ಅವಧಿಯಲ್ಲಿ ಹಿಮಾಲಯಕ್ಕೆ ಹೋಗಿದ್ದಿರೆಂದು ತಿಳಿದಾರು.

ಅಪ್ಪಣೆಯಾದರೆ ಆ ಬಿಟ್ಟ ಸ್ಥಳವನ್ನು ನಾನು ತುಂಬುತ್ತೇನೆ. ಆಗ ತಾವು ಸಂತೆಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದಿರಿ. ಹೊರಗೆ ಒಂದು ಬೆಂಚು, ಒಳಗೆ ಒಂದು ಮೇಜು, ಹಸಿರು ಪರದೆಯ ಹಿಂದೆ ಒಬ್ಬ ಕಾಂಪೌಂಡರು. ಕೆಂಪು ಔಷಧಿಯನ್ನು ಅವರು ಬಾಟಲಿಗೆ ಹುಯ್ದು, ಎಷ್ಟು ಹೊತ್ತಿಗೆ ಎಷ್ಟು ಎಂದು ತಿಳಿಯಲು ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ ಕೊಡುತ್ತಿದ್ದರು. ತಾವು ನಾಲಿಗೆ ನೋಡುತ್ತಿದ್ದಿರಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದಿರಿ, ಹೊಟ್ಟೆ ಒತ್ತಿ "ಇಲ್ಲಿ ನೋವಾ? ಇಲ್ಲಿ?" ಅನ್ನುತ್ತಿದ್ದಿರಿ. ನಮ್ಮಪ್ಪನಿಗೆ ಬೀಡಿ ಬಿಡು ಎಂದು ಗದರಿದ್ದಿರಿ. ಅಪ್ಪ ಬಿಡಲಿಲ್ಲ, ಆದರೆ ಆಮೇಲೆ ತಮ್ಮ ಬೀದಿಯಲ್ಲಿ ಸೇದುವುದನ್ನು ನಿಲ್ಲಿಸಿದ. ರಾತ್ರಿ ಬಾಗಿಲು ತಟ್ಟಿದರೆ ಲುಂಗಿಯಲ್ಲೇ ಬರುತ್ತಿದ್ದಿರಿ. ಇಂಥ ಕ್ಷುಲ್ಲಕ ಸಂಗತಿಗಳನ್ನು ಸನ್ಮಾನ ಪತ್ರದಲ್ಲಿ ಬರೆಯದೆ ಬಿಟ್ಟದ್ದು ಸರಿಯೇ. ಅದರಲ್ಲಿ ಹುದ್ದೆ ಎಲ್ಲಿದೆ?

ಪ್ರತಿ ವರ್ಷ ಜುಲೈ 1 ಬಂತೆಂದರೆ ನನಗೆ ತಪ್ಪದೆ ಆರ್ಡರ್ ಬರುತ್ತದೆ. 1991ರಿಂದ ಆ ದಿನವನ್ನು ದೇಶದಲ್ಲಿ ವೈದ್ಯರ ದಿನವೆಂದು ಆಚರಿಸುತ್ತಾರೆಂದು ತಮ್ಮ ಭಾಷಣದಿಂದಲೇ ಕಲಿತೆ. ಡಾ. ಬಿಧಾನ್ ಚಂದ್ರ ರಾಯ್ ಅವರ ಫೋಟೋಕ್ಕೆ ಸೇವಂತಿಗೆ ಮಾಲೆ, ಎರಡು ದೀಪದ ಕಂಬ, ಹಿಂದೆ ನೀಲಿ ಪರದೆ. ಅವರು ಹುಟ್ಟಿದ್ದು 1882ರ ಜುಲೈ 1ರಂದು, ತೀರಿಕೊಂಡದ್ದು 1962ರ ಅದೇ ಜುಲೈ 1ರಂದು. ಭಾರತೀಯ ವೈದ್ಯಕೀಯ ಸಂಘ 1928ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟುವಾಗ ಮುಂದೆ ನಿಂತವರಲ್ಲಿ ಅವರೂ ಒಬ್ಬರು. 1948ರಿಂದ ಕೊನೆಯುಸಿರಿನ ತನಕ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ. ದೇಶ ಒಡೆದು ನಿರಾಶ್ರಿತರು ಕಲ್ಕತ್ತೆಯ ರೈಲು ನಿಲ್ದಾಣದಲ್ಲಿ ಮಲಗಿದ್ದ ಕಾಲ ಅದು. ಅಂಥ ರಾಜ್ಯವನ್ನು ಆಳುತ್ತಲೇ ಬೆಳಗಿನ ಹೊತ್ತು ಮನೆಗೆ ಬಂದ ರೋಗಿಗಳನ್ನು ದುಡ್ಡಿಲ್ಲದೆ ನೋಡುತ್ತಿದ್ದರಂತೆ. ಹೋದ ವರ್ಷ ಇದನ್ನು ಹೇಳುವಾಗ ತಮ್ಮ ಗಂಟಲು ಕಟ್ಟಿತು, ನಾನೇ ನೀರಿನ ಬಾಟಲಿ ತಂದುಕೊಟ್ಟೆ. ಅದೇ ಬೆಳಿಗ್ಗೆ ತಮ್ಮ ಆಸ್ಪತ್ರೆಯ ಕೌಂಟರಿನಲ್ಲಿ "ಸಾರ್ ಇವತ್ತು ಸಿಗಲ್ಲ, ಡಾಕ್ಟರ್ಸ್ ಡೇ" ಎಂಬ ಚೀಟಿ ಅಂಟಿಸಿದ್ದರು. ಮುಖ್ಯಮಂತ್ರಿಗೆ ಬಿಡುವು ಸಿಕ್ಕೀತು. ಜಿಲ್ಲಾ ಸಂಘದ ಅಧ್ಯಕ್ಷರಿಗೆ ಎಲ್ಲಿಂದ ಬರಬೇಕು? ಬಂಗಾಳದಲ್ಲಿ ಅಷ್ಟೊಂದು ಪದಗ್ರಹಣಗಳು ಇರಲಿಲ್ಲವೆಂದು ಕಾಣುತ್ತದೆ.

ಸಮ್ಮೇಳನದ ಮಾತಿಗೆ ಬರುತ್ತೇನೆ. ವೈದ್ಯರು ಐದು ವರ್ಷಕ್ಕೆ 30 ಗಂಟೆಯಾದರೂ ಹೊಸ ವಿದ್ಯೆ ಕಲಿಯಬೇಕೆಂದು ನಿಯಮವಿದೆಯಂತೆ, ಅದಕ್ಕೇ ಈ ಸಿಎಂಇ, ಈ ಉಪನ್ಯಾಸ, ಈ ಕ್ರೆಡಿಟ್ಟು. ಕುರ್ಚಿ ಹಾಕುವವನಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ: ಯಾವ ಹೊತ್ತಿಗೆ ಎಷ್ಟು ಕುರ್ಚಿ ತುಂಬುತ್ತವೆ ಎಂಬುದು. ಹೆಸರು ನೋಂದಾಯಿಸಿ ಬ್ಯಾಗು ಕೊಡುವಾಗ ಕುರ್ಚಿ ಸಾಲದು. ಬೆಂಗಳೂರಿನಿಂದ ಬಂದ ಪ್ರೊಫೆಸರು ಮೂತ್ರಪಿಂಡದ ವಿಷಯ ಎತ್ತುವಾಗ ಮುಂದಿನ ಎರಡು ಸಾಲಿನಲ್ಲಿ ಪಿಜಿ ಹುಡುಗರು, ಹಿಂದೆ ನಮ್ಮ ಫ್ಯಾನುಗಳು ಖಾಲಿ ಕುರ್ಚಿಗೆ ಗಾಳಿ ಹಾಕುತ್ತಿರುತ್ತವೆ. ಹೊರಗೆ ಔಷಧಿ ಕಂಪನಿಗಳ ಸ್ಟಾಲಿನಲ್ಲಿ ಮಾತ್ರ ತೇರಿನ ನೂಕುನುಗ್ಗಲು. ಊಟದ ಹೊತ್ತಿಗೆ ಮತ್ತೆ ನಾನು ಗೋಡೌನಿಗೆ ಆಳು ಓಡಿಸಬೇಕು. ಸಂಜೆ ಎಲ್ಲರಿಗೂ ಪ್ರಮಾಣಪತ್ರ. ವಿದ್ಯೆ ಇಷ್ಟು ಸುಲಭದಲ್ಲಿ ಹತ್ತುವುದನ್ನು ಕಂಡು, ಎಸ್ಸೆಸ್ಸೆಲ್ಸಿ ಫೇಲಾದ ನನ್ನಂಥವನಿಗೆ ಆನಂದಬಾಷ್ಪ ಬಂದರೆ ಕ್ಷಮಿಸಬೇಕು.

ಅಂಥದ್ದೇ ಒಂದು ಸಮ್ಮೇಳನ ಮುಗಿದು ಕುರ್ಚಿ ಎತ್ತುವಾಗ ಅವುಗಳ ಮೇಲೆ ತಮ್ಮ ಸ್ಮರಣ ಸಂಚಿಕೆ ರಾಶಿ ಬಿದ್ದಿತ್ತು. ಒಳ್ಳೆಯ ಆರ್ಟ್ ಪೇಪರು. ಬಿಸಾಡಲು ಮನಸ್ಸಾಗದೆ ಒಂದನ್ನು ಮನೆಗೆ ಒಯ್ದೆ. ಎಡಗಡೆ ಪುಟದಲ್ಲಿ ಸ್ಕ್ಯಾನಿಂಗ್ ಸೆಂಟರಿನ ಜಾಹೀರಾತು, ಬಲಗಡೆ ತಮ್ಮ ಫೋಟೋ. ಎಲ್ಲೋ ಒಂದೆಡೆ ಜಾಹೀರಾತು ಸಿಗದೆ ಪುಟ ಉಳಿದಿರಬೇಕು, ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ವೈದ್ಯರ ನಡವಳಿಕೆಯ ನಿಯಮಗಳನ್ನು ತುಂಬಿದ್ದರು. ಅಚ್ಚು ಹಾಕಿದ ಪುಣ್ಯಾತ್ಮರು ಅದನ್ನು ಓದಿರಲಾರರು. ನನ್ನ ಮಗಳು ಬಿ.ಕಾಂ. ಮಾಡಿದವಳು, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಆ ರಾತ್ರಿ ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ.

ಅದರಲ್ಲಿ ಬರೆದಿದೆ: ವೈದ್ಯರು ತಮ್ಮ ವೃತ್ತಿಯ ಸಂಘಗಳಿಗೆ ಸೇರಿ ಚೆನ್ನಾಗಿ ದುಡಿಯಬೇಕು. ಇದನ್ನು ತಾವು ಅಕ್ಷರಶಃ ಪಾಲಿಸಿದ್ದೀರಿ, ಮನೆಮಂದಿಯೆಲ್ಲ ಎದ್ದು ಕೈಮುಗಿದೆವು. ಆದರೆ ನಿಯಮ ಮಾಡಿದವರು ಸುಮ್ಮನಿರದೆ ಮುಂದಕ್ಕೂ ಬರೆದುಬಿಟ್ಟಿದ್ದಾರೆ. ಶುಲ್ಕವನ್ನು ಬೋರ್ಡಿನ ಮೇಲೆ ಹಾಕಬೇಕಂತೆ. ಅಗತ್ಯಕ್ಕಿಂತ ದೊಡ್ಡ ನಾಮಫಲಕ ಹಾಕುವುದು ಸಭ್ಯತೆಯಲ್ಲವಂತೆ. (ತಮ್ಮ ಆಸ್ಪತ್ರೆಯ ಬೋರ್ಡು ರೈಲಿನಲ್ಲಿ ಹೋಗುವವರಿಗೂ ಕಾಣುತ್ತದೆ, ಶುಲ್ಕದ ಬೋರ್ಡು ಎಲ್ಲಿದೆಯೆಂದು ಮಾತ್ರ ಒಳಗೆ ಕೂತವರಿಗೂ ಕಂಡಿಲ್ಲ.) ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡಲೂ ಕೂಡದು, ತೆಗೆದುಕೊಳ್ಳಲೂ ಕೂಡದಂತೆ. ಇಷ್ಟನ್ನು ಕೇಳಿ ನನ್ನ ಹೆಂಡತಿ, "ಹಾಗಾದರೆ ನಮ್ಮನ್ನು ಆ ಎದುರು ಬೀದಿಯ ಲ್ಯಾಬಿಗೇ ಹೋಗಿ ಎಂದದ್ದು ಅಲ್ಲಿ ನೆರಳಿದೆ ಅಂತಲೇ ಇರಬೇಕು" ಎಂದಳು. ಅವಳಿಗೆ ತಮ್ಮ ಮೇಲೆ ಅಷ್ಟು ಭಕ್ತಿ.

ಇನ್ನೊಂದು ಸಾಲನ್ನು ಮಗಳು ಎರಡು ಸಲ ಓದಿದಳು. ವೃತ್ತಿಯಲ್ಲಿರುವ ಅಸಮರ್ಥರ, ಭ್ರಷ್ಟರ, ಅಪ್ರಾಮಾಣಿಕರ ನಡತೆಯನ್ನು ವೈದ್ಯನಾದವನು ಹೆದರದೆ, ಮುಲಾಜಿಲ್ಲದೆ ಬಯಲಿಗೆ ತರಬೇಕಂತೆ. ತಾವು ಅಧ್ಯಕ್ಷರಾಗಿರುವ ಈ ಎಲ್ಲ ಅವಧಿಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಅಂಥ ಒಬ್ಬರೂ ಸಿಕ್ಕಿಲ್ಲವೆಂದರೆ, ಇಷ್ಟು ನಿರ್ಮಲವಾದ ಜಿಲ್ಲೆ ಭರತಖಂಡದಲ್ಲಿ ಇನ್ನೊಂದಿರಲಾರದು. ತಮ್ಮ ಸಂಘದ ಲೆಟರ್‌ಹೆಡ್ಡಿನಲ್ಲಿ ಡಿಸಿ ಕಚೇರಿಗೆ ಹೋದ ಮನವಿಗಳನ್ನು ಪತ್ರಿಕೆಯಲ್ಲಿ ಓದುತ್ತೇನೆ. ವೈದ್ಯರ ಮೇಲೆ ಕೈಮಾಡಿದವರನ್ನು ಬಂಧಿಸಿ ಎಂದು ಕೇಳಿದ್ದೀರಿ. ನ್ಯಾಯವಾದದ್ದೇ, ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರು, ಇಪ್ಪತ್ತೈದು ವರ್ಷದ ಹುಡುಗಿ, ಏಟು ತಿನ್ನುವುದು ಯಾವ ಧರ್ಮ? ಆದರೆ ಆ ಹುಡುಗಿಯನ್ನು ಎಷ್ಟು ಗಂಟೆ ದುಡಿಸುತ್ತಾರೆ, ಅವಳಿಗೆ ಎಷ್ಟು ಸಂಬಳ ಕೊಡುತ್ತಾರೆ ಎಂಬ ಮನವಿಯನ್ನೂ ಒಂದು ಹಾಳೆಯಲ್ಲಿ ಬರೆಯಬಹುದಿತ್ತು. ಅದನ್ನು ಯಾರಿಗೆ ಸಲ್ಲಿಸಬೇಕೆಂಬ ತೊಡಕು ತಮಗಿದೆ, ಬಲ್ಲೆ. ಆಸ್ಪತ್ರೆಯ ಮಾಲೀಕರೂ ತಾವೇ.

ಔಷಧಿ ಕಂಪನಿಗಳ ವಿಷಯದಲ್ಲಿ ತಮ್ಮ ಸಮುದಾಯಕ್ಕೆ ಆದ ಕಷ್ಟ ನೆನೆದರೆ ಕರುಳು ಹಿಂಡುತ್ತದೆ. 2009ರ ಕೊನೆಯಲ್ಲಿ ಆ ಭಾರತೀಯ ವೈದ್ಯಕೀಯ ಮಂಡಳಿಯೇ ಉಡುಗೊರೆ ಬೇಡ, ಪ್ರವಾಸ ಬೇಡ, ನಗದು ಬೇಡ ಎಂದು ವೈದ್ಯರಿಗೂ ವೈದ್ಯರ ಸಂಘಗಳಿಗೂ ಕಟ್ಟಪ್ಪಣೆ ಮಾಡಿತು. ಪುಣ್ಯಕ್ಕೆ 2016ರ ಫೆಬ್ರವರಿಯಲ್ಲಿ ಅದೇ ನಿಯಮದಿಂದ 'ಸಂಘಗಳು' ಎಂಬುದನ್ನು ತೆಗೆದುಹಾಕಿದರು. ಅಲ್ಲಿಗೆ ಒಬ್ಬ ವೈದ್ಯರು ಒಂಟಿಯಾಗಿ ಪಡೆದರೆ ತಪ್ಪು. ಸಂಘದ ಹೆಸರಿನಲ್ಲಿ ಸ್ಟಾಲು, ಬ್ಯಾಗು, ರಾತ್ರಿಯೂಟ ಎಂದು ಪಡೆದರೆ ವಿದ್ಯಾಪ್ರಸಾರ. ಒಗ್ಗಟ್ಟಿನಲ್ಲಿ ಬಲವಿದೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಲಾಭವೂ ಇದೆಯೆಂದು ಹೇಳಿರಲಿಲ್ಲ. ಮತ್ತೆ 2023ರ ಆಗಸ್ಟ್ 2ರಂದು, ಆ ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೊಂದು ಬಾಂಬು ಹಾಕಿತು: ಔಷಧಿಯನ್ನು ಕಂಪನಿಯ ಹೆಸರಿನಲ್ಲಿ ಬರೆಯದೆ ಜೆನೆರಿಕ್ ಹೆಸರಿನಲ್ಲೇ ಬರೆಯಬೇಕು, ಕಂಪನಿಗಳು ದುಡ್ಡು ಹಾಕಿದ ಸಭೆಗೆ ವೈದ್ಯರು ಹೋಗಬಾರದು. ಗುಣಮಟ್ಟ ಖಾತರಿಯಿಲ್ಲದ ಜೆನೆರಿಕ್ ಬರೆದರೆ ರೋಗಿಯ ಗತಿಯೇನು ಎಂದು ವೈದ್ಯರ ಸಂಘಗಳು ಕೇಳಿದವು. ಒಳ್ಳೆಯ ಪ್ರಶ್ನೆಯೇ, ನನಗೂ ಉತ್ತರ ಗೊತ್ತಿಲ್ಲ. ಆದರೆ ಸ್ಟಾಲಿಲ್ಲದ ಸಮ್ಮೇಳನದಲ್ಲಿ ರೋಗಿಗೆ ಏನು ಅಪಾಯವೆಂದು ಯಾರೂ ವಿವರಿಸಲಿಲ್ಲ. ಆಗಸ್ಟ್ 23ರಂದು ಇಡೀ ನಿಯಮಾವಳಿಯನ್ನೇ ತಡೆಹಿಡಿದರು. ಮೂರು ವಾರ. ನನ್ನ ಹೆಂಡತಿಯ ನೆಗಡಿ ಅದಕ್ಕಿಂತ ಹೆಚ್ಚು ದಿನ ಇತ್ತು.

ತಮ್ಮವರ ಹೋರಾಟದ ಪರಂಪರೆ ದೊಡ್ಡದು. ರೋಗಿಯನ್ನು ಗ್ರಾಹಕ ಎನ್ನಬಾರದು, ನಮ್ಮನ್ನು ಗ್ರಾಹಕರ ಕೋರ್ಟಿಗೆ ಎಳೆಯಬಾರದು ಎಂದು ಭಾರತೀಯ ವೈದ್ಯಕೀಯ ಸಂಘವೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತ್ತು. 1995ರ ನವೆಂಬರಿನಲ್ಲಿ ಕೋರ್ಟು, ದುಡ್ಡು ತೆಗೆದುಕೊಂಡು ಮಾಡುವ ಚಿಕಿತ್ಸೆಗೆ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದುಬಿಟ್ಟಿತು. 2017ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲೇ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದಾದ್ಯಂತ ಓಪಿಡಿಗಳ ಬಾಗಿಲು ಮುಚ್ಚಿದವು. ನನಗೂ ಆಗ ಕೆಲಸ ಸಿಕ್ಕಿತ್ತು. ಧರಣಿಗೆ ಶಾಮಿಯಾನ ನಾನೇ ಹಾಕಿದ್ದೆ. ಒಂದು ಕಡೆ ಮೈಕು, ಮಜ್ಜಿಗೆ. ರಸ್ತೆಯ ಆ ಕಡೆ ಮುಚ್ಚಿದ ಷಟರಿನ ಮುಂದೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತ ತಾಯಂದಿರು. ಆ ತಿದ್ದುಪಡಿಯಲ್ಲಿದ್ದ ಜೈಲುಶಿಕ್ಷೆಯ ಕಲಮುಗಳ ಬಗ್ಗೆ ತಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ; ಕಬ್ಬಿಣದ ಕಂಬ ಬಿದ್ದರೆ ನನ್ನನ್ನೂ ಜೈಲಿಗೆ ಹಾಕುತ್ತೇವೆಂದರೆ ನಾನೂ ಅಂಗಡಿ ಮುಚ್ಚುತ್ತಿದ್ದೆನೇನೋ. ಆದರೆ ಬಿಲ್ಲು ಬಾಕಿಯೆಂದು ಹೆಣವನ್ನು ತಡೆದಿಟ್ಟುಕೊಳ್ಳಬಾರದು ಎಂಬ ಮಾತೂ ಆ ತಿದ್ದುಪಡಿಯೊಳಗೇ ಇತ್ತು. ಅಂಥದೊಂದನ್ನು ಕಾನೂನಿನಲ್ಲಿ ಬರೆಯಬೇಕಾಗಿ ಬಂತಲ್ಲ ಎಂಬ ಸಂಕಟ ಆ ದಿನ ಮೈಕಿನಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕರೆಂಟು ಹೋಗಿದ್ದಾಗ ಯಾರಾದರೂ ಹೇಳಿರಬಹುದು.

ದೊಡ್ಡವರು ಕ್ಷಮೆ ಕೇಳುವ ರೀತಿಯೂ ದೊಡ್ಡದೇ. ಆಯುರ್ವೇದ ಕಂಪನಿಯೊಂದರ ಸುಳ್ಳು ಜಾಹೀರಾತಿನ ಮೇಲೆ ಭಾರತೀಯ ವೈದ್ಯಕೀಯ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತಷ್ಟೆ. 2024ರಲ್ಲಿ ನ್ಯಾಯಮೂರ್ತಿಗಳು, ನಿಮ್ಮ ಮನೆಯನ್ನೂ ಒಂದಿಷ್ಟು ಸರಿಮಾಡಿಕೊಳ್ಳಿ ಎಂಬರ್ಥದ ಮಾತಾಡಿದರು. ಅದಕ್ಕೆ ಸಂಘದ ಆಗಿನ ರಾಷ್ಟ್ರೀಯ ಅಧ್ಯಕ್ಷರು ಸಂದರ್ಶನದಲ್ಲಿ ಕೋರ್ಟನ್ನೇ ಟೀಕಿಸಿ, ಕೊನೆಗೆ ಪತ್ರಿಕೆಯಲ್ಲಿ ಕ್ಷಮಾಪಣೆ ಹಾಕಿಸಬೇಕಾಯಿತು. ಹಾಕಿಸಿದರು. ಅಕ್ಷರ ಎಷ್ಟು ಸಣ್ಣದಿತ್ತೆಂದರೆ, ಇದನ್ನು ಓದಲಾಗುತ್ತಿಲ್ಲ ಎಂದು ಪೀಠವೇ ಹೇಳಿತು. ಈ ಸುದ್ದಿ ಓದಿ ದೇಶದ ನ್ಯಾಯಮೂರ್ತಿಗಳಿಗೆಲ್ಲ ನಮ್ಮೂರಿನ ಮೆಡಿಕಲ್ ಶಾಪಿನ ಹುಡುಗನನ್ನು ಕಳಿಸಿಕೊಡೋಣವೆನ್ನಿಸಿತು. ತಮ್ಮ ಚೀಟಿ ಓದಿ ಪಳಗಿದವನು ಅವನು. ಔಷಧಿಯ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲೇ ನಿಯಮ ಬಂದಿದೆಯಂತೆ. ಬಂದಿರಲಿ, ಆ ಹುಡುಗನ ಹೊಟ್ಟೆಪಾಡೂ ನಡೆಯಬೇಕಲ್ಲ.

ಒಂದು ಅಧಿಕಪ್ರಸಂಗ. ಕನ್ನಡದಲ್ಲಿ ಬರೆಯುವ ವೈದ್ಯರಿಗೆ ಬರವಿರಲಿಲ್ಲ. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಹುಟ್ಟುಹಾಕಿ ಊರನ್ನೆಲ್ಲ ನಗಿಸಿದರು. ಡಾ. ಅನುಪಮಾ ನಿರಂಜನ ಬಸುರಿ ಬಾಣಂತಿಯರಿಗೆಂದೇ ಕನ್ನಡದಲ್ಲಿ 'ತಾಯಿ ಮಗು' ಬರೆದರು; ನಮ್ಮ ಮನೆಯಲ್ಲಿರುವ ಪ್ರತಿಯ ಹಾಳೆಗಳು ಸಡಿಲವಾಗಿವೆ, ಓಣಿಯ ಹೆಂಗಸರೆಲ್ಲ ಒಯ್ದು ಓದಿದ್ದಾರೆ. ಆದರೆ ತಮ್ಮ ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡುವ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಪೂರ್ತಿ ಇಂಗ್ಲಿಷು. ಏನು ಬರೆದಿದೆಯೆಂದು ಕೇಳಿದೆ. "ಎಲ್ಲ ತಿಳಿಸಿ ಹೇಳಿದ್ದಾರೆ, ನಮಗೆ ಅರ್ಥವಾಗಿದೆ ಅಂತ ಬರೆದಿದೆ, ಸಹಿ ಹಾಕಿ" ಅಂದರು ಸಿಸ್ಟರು. ಕನ್ನಡದಲ್ಲೇ ಸಹಿ ಹಾಕಿದೆ. ಆ ವರ್ಷದ ನವೆಂಬರ್ ಒಂದಕ್ಕೆ ಕನ್ನಡ ತಾಯಿಗೆ ತಾವು ಪುಷ್ಪಾರ್ಚನೆ ಮಾಡಿದ ವೇದಿಕೆಗೂ ಕುರ್ಚಿ ನನ್ನದೇ.

ತಮ್ಮ ಉಚಿತ ತಪಾಸಣಾ ಶಿಬಿರದ ಬಗ್ಗೆ ಹೆಚ್ಚು ಬರೆದರೆ ದೃಷ್ಟಿ ತಾಗೀತು. ಬಿಪಿ ನೋಡಿದ್ದು ಉಚಿತ, ಶುಗರ್ ನೋಡಿದ್ದು ಉಚಿತ, ಗ್ರೂಪ್ ಫೋಟೋ ಉಚಿತ. "ನಾಳೆ ಆಸ್ಪತ್ರೆಗೆ ಬನ್ನಿ" ಎಂಬ ಮಾತು ಕೂಡ ಉಚಿತವೇ.

ಈಗ ಬಂದ ಕೆಲಸ ಹೇಳುತ್ತೇನೆ. ಕುರ್ಚಿಯ ಬಾಕಿ ಬಾಡಿಗೆಯ ವಿಷಯವಲ್ಲ, ಖಜಾಂಚಿಗಳು ಬದಲಾದಾಗಲೆಲ್ಲ ಅದು ಹೊಸದಾಗಿ ಹುಟ್ಟುತ್ತದೆ, ಇರಲಿ. ಆಪರೇಷನ್ ಆದ ಮೇಲೂ ನನ್ನ ಹೆಂಡತಿಗೆ ನೋವು ನಿಂತಿಲ್ಲ. ಮಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸೋಣವೆಂದರೆ ಅವರು ಹಳೆಯ ಫೈಲು ಕೇಳುತ್ತಾರೆ. ಆಪರೇಷನ್ ಟಿಪ್ಪಣಿ, ಸ್ಕ್ಯಾನಿಂಗು, ಲ್ಯಾಬು ಎಲ್ಲ ತಮ್ಮ ಆಸ್ಪತ್ರೆಯಲ್ಲಿದೆ. ಕೇಳಿದಾಗ ಸಾರ್ ರಾಜ್ಯ ಕಾರ್ಯಕಾರಿಣಿಗೆ ಹೋಗಿದ್ದಾರೆ, ಸಹಿ ಆಗಬೇಕು ಅಂದರು. ಆಮೇಲೆ ಸಾರ್ ಚುನಾವಣೆಯಲ್ಲಿದ್ದಾರೆ ಅಂದರು. ಆಮೇಲೆ ಸಾರ್ ಗೆದ್ದಿದ್ದಾರೆ, ಒಂದು ವಾರ ಬಿಟ್ಟು ಬನ್ನಿ ಅಂದರು. ಗೆದ್ದದ್ದಕ್ಕೆ ಅಭಿನಂದನೆಗಳು.

ತಮ್ಮ ಸ್ಮರಣ ಸಂಚಿಕೆಯ ಆ ಪುಟದಲ್ಲೇ, ಹಲ್ಲುಪುಡಿಯ ಜಾಹೀರಾತಿನ ಮೇಲೆ, ಮಗಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆದ ಒಂದು ಸಾಲಿದೆ: ರೋಗಿಯಾಗಲಿ ರೋಗಿಯ ಕಡೆಯವರಾಗಲಿ ದಾಖಲೆ ಕೇಳಿದರೆ ಅರ್ಜಿ ಬಂದದ್ದಕ್ಕೆ ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದ್ದರಿಂದ ಪೂಜ್ಯರು ಈ ಬಿನ್ನವತ್ತಳೆಯನ್ನೇ ಅರ್ಜಿಯೆಂದು ತಿಳಿದು ಅನುಗ್ರಹಿಸಬೇಕು. ಇದರ ಒಂದು ಪ್ರತಿಯನ್ನು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟು, ಮೊಹರು ಹಾಕಿಸಿಕೊಂಡಿದ್ದೇನೆ. ಇನ್ನೊಂದು ಪ್ರತಿ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಸ್ಪೀಡ್ ಪೋಸ್ಟಿನಲ್ಲಿ ಹೋಗಿದೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಗಳೊಂದಿಗೆ ಬರುತ್ತೇನೆ. ಕಾಯಬೇಕಾಗಿ ಬಂದರೆ ತಮ್ಮ ಸಿಬ್ಬಂದಿಗೆ ತೊಂದರೆ ಬೇಡ, ನಮ್ಮ ಕುರ್ಚಿಗಳನ್ನು ನಾವೇ ತರುತ್ತೇವೆ.

ಇಂತಿ ತಮ್ಮ ಪಾದಸೇವಕ,
ಬಸ್ ಸ್ಟ್ಯಾಂಡ್ ಹಿಂದಿನ ಶಾಮಿಯಾನದವನು